ಪಂಪ್‌ವೆಲ್‌ನಲ್ಲಿ ಉಬ್ಬರಕ್ಕೆ ಮುಂಚೆ

ದೇಜಪ್ಪ ಹುಟ್ಟು ಹಾಕಿಕೊಂಡೇ ಬಂದು, ಕಡಲು ನುಗ್ಗಿ ಮುಳುಗಿದ ಕಂಕನಾಡಿಯಲ್ಲಿ ಕಟ್ಟಡವೊಂದರ ಎರಡನೇ ಮಹಡಿಯಲ್ಲಿರುವ ಲೋಲಾಕ್ಷಿಯ ಗ್ಯಾರೇಜಿನ ಕಿಟಕಿಗೆ ದೋಣಿ ಕಟ್ಟಿದ. ದೋಣಿಯಲ್ಲಿ ಅವನ ಹೆಂಡತಿ ಕಲ್ಯಾಣಿ. ಇವತ್ತು ಅವಳ ಡಯಾಲಿಸಿಸ್. ಇನ್ನು ಅರ್ಧ ಗಂಟೆಯಲ್ಲಿ ಉಬ್ಬರ ಏರಿದರೆ ಪಂಪ್‌ವೆಲ್ ಫ್ಲೈಓವರಿನ ಅಡಿಯಲ್ಲಿ ದೋಣಿ ದಾಟುವುದಿಲ್ಲ. ಆಸ್ಪತ್ರೆ ಇರುವುದು ಅದರಾಚೆ.

“ಕೀ ತಿರುಗಿಸಿದ್ರೆ ಬರೀ ಟಿಕ್ ಅಂತ ಹೇಳ್ತದೆ ಲೋಲಕ್ಕ. ಎಲ್ಲೋ ಶಾರ್ಟ್ ಆಗಿರ್ಬೇಕು.”

“ಎಂಜಿನ್ ಒಮ್ಮೆ ತೋರ್ಸಿ ಅಂತ ಇವರಿಗೆ ಎಷ್ಟು ಸಲ ಹೇಳುದು!” ಕಲ್ಯಾಣಿ ಗಂಡನ ಮೇಲೆ ಹರಿಹಾಯ್ದಳು.

ಲೋಲಾಕ್ಷಿ ಮೀಟರ್ ಹಿಡಿದು ನೋಡಿದಳು. ಬ್ಯಾಟರಿ ಸರಿಯಿತ್ತು, ವಯರು ಎಲ್ಲೂ ಸುಟ್ಟಿರಲಿಲ್ಲ. ಆದರೆ ಎಂಜಿನ್ ಕೆಂಪಗೆ ಹೊಳೆಯುತ್ತಿತ್ತು.

“ಆಯುಧಪೂಜೆಗೆ ಬಣ್ಣ ಹೊಡ್ದದ್ದಾ?”

“ಹೌದು, ಮೊನ್ನೆ.”

ಅವಳು ಎಂಜಿನ್ನಿನ ಮೈಗೆ ಬಿಗಿದಿದ್ದ ಅರ್ತ್ ವಯರಿನ ಬೋಲ್ಟ್ ಬಿಚ್ಚಿದಳು. ಅದರ ಅಡಿಗೂ ಬಣ್ಣ ನೀಟಾಗಿ ಕೂತಿತ್ತು.

“ಇಲ್ಲಿ ಬಣ್ಣ ಇದ್ರೆ ಕರೆಂಟ್ ಹೇಗೆ ಹೋಗುದು ಮಾರಾಯ್ರೆ?”

ಲೋಹ ಕಾಣುವವರೆಗೆ ಚೂರಿಯಿಂದ ಕೆರೆದು ವಯರು ಬಿಗಿದಳು. ಎಂಜಿನ್ ಒಂದೇ ಸಲಕ್ಕೆ ಗುಡುಗಿತು. ದೇಜಪ್ಪ ಉಸಿರು ಬಿಟ್ಟ.

“ಅಲ್ಲ, ಬಣ್ಣ ಹೊಡ್ದದ್ದು ಯಾರು?” ಲೋಲಾಕ್ಷಿ ಕೇಳಿದಳು.

ದೇಜಪ್ಪ ಕಿಟಕಿಗೆ ಕಟ್ಟಿದ ಹಗ್ಗ ಬಿಚ್ಚತೊಡಗಿದ. ಕಲ್ಯಾಣಿ ತನ್ನ ಕೆಂಪು ಮೆತ್ತಿದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಫ್ಲೈಓವರಿನ ಅಡಿಯಲ್ಲಿ ಇಬ್ಬರೂ ತಲೆ ತಗ್ಗಿಸಿ ದಾಟುವಾಗ ಅವಳು ಮೆಲ್ಲಗೆ ಹೇಳಿದಳು: “ಬರುವ ವರ್ಷ ಕುಂಕುಮ ಮಾತ್ರ ಇಡುವ, ಆಯ್ತಾ?”