ಮಾಸ್ತರನ ಕಡಲಯಾತ್ರೆ

ಒಂದಾನೊಂದು ಕಡಲು... ಆ ಕಡಲಿನ ನಡುವೆ ಒಂದು ಕಲ್ಲುಗುಡ್ಡದ ದ್ವೀಪ.

ಕಷ್ಟ ಬಂದಾಗ ದಡದ ಜನ ಆ ದ್ವೀಪದ ದೇವರಿಗೆ ಒಂದು ಆಡನ್ನು ಹರಕೆ ಹೇಳಿಕೊಳ್ಳುತ್ತಿದ್ದರು. ಕಡಿಯುವುದಕ್ಕಲ್ಲ... ದೋಣಿಯಲ್ಲಿ ಕರೆದೊಯ್ದು, ಹಗ್ಗ ಬಿಚ್ಚಿ, ಅಲ್ಲೇ ಬಿಟ್ಟು ಬರುವುದಕ್ಕೆ.

ಮೀನು ಮಾರುವ ಮಾದೇವಿ ಅಜ್ಜಿಯೂ ಹೇಳಿಕೊಂಡಿದ್ದಳು.

ಮೊಮ್ಮಗಳು ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದ ದಿನ, ಹಿತ್ತಲಲ್ಲಿ ಆಗಷ್ಟೇ ಹುಟ್ಟಿದ್ದ ಹೋತದ ಮರಿಯನ್ನು ಎತ್ತಿ ಹಿಡಿದು, "ಇವಳನ್ನ ಉಳಿಸು, ಇದನ್ನ ನಿಂಗೇ ಬಿಡ್ತೆ" ಅಂದಿದ್ದಳು.

ಮೊಮ್ಮಗಳು ಉಳಿದಳು. ಈಗ ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಹೋಗುತ್ತಾಳೆ.

ಮರಿಯೂ ಬೆಳೆಯಿತು. ಗಡ್ಡ ಬಂತು, ಗಡ್ಡದ ಜೊತೆ ಗತ್ತೂ ಬಂತು. ಊರವರು 'ಮಾಸ್ತರ' ಎಂದು ಹೆಸರಿಟ್ಟರು.

ಮಾಸ್ತರನಿಗೆ ಬೆಳಗ್ಗೆ ಎದ್ದ ಕೂಡಲೇ ಚಾ ಬೇಕು... ಅದೂ ಅಜ್ಜಿಯ ಲೋಟದಲ್ಲೇ.

ಅಜ್ಜಿ ಹರಕೆಯನ್ನು ಮುಂದೂಡುತ್ತಲೇ ಬಂದಳು. ಒಂದು ವರ್ಷ ಗಾಳಿ ಸರಿಯಿಲ್ಲ. ಇನ್ನೊಂದು ವರ್ಷ ಮಾಸ್ತರನಿಗೆ ಕೆಮ್ಮು.

ಆದರೆ ಮನಸ್ಸು ಸುಮ್ಮನಿರಬೇಕಲ್ಲ... ಮೀನು ತೂಗುವಾಗಲೂ ಅವಳ ಕಣ್ಣು ದೂರದ ದ್ವೀಪದತ್ತ ಜಾರುತ್ತಿತ್ತು. ದ್ವೀಪವೂ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಮೊಮ್ಮಗಳು ಒಮ್ಮೆ ಸೀನಿದರೂ ಅತ್ತ ಕೈ ಮುಗಿದುಬಿಡುತ್ತಿದ್ದಳು.

ಕೊನೆಗೆ ಚಳಿಗಾಲದ ಒಂದು ಬೆಳಗ್ಗೆ, ಕೈಯಲ್ಲಿ ಚಾದ ಫ್ಲಾಸ್ಕ್, ತನ್ನ ಲೋಟ ಮತ್ತು ಮಾಸ್ತರನ ಹಗ್ಗ ಹಿಡಿದು, ಶನಿಯಾರನ ದೋಣಿಯ ಮುಂದೆ ಬಂದು ನಿಂತಳು.

ಶನಿಯಾರ ಊರಿನ ಮೀನುಗಾರ. ಬಾಯಿ ಜೋರು. ಆದರೆ ಮಾಸ್ತರನನ್ನು ಕಂಡರೆ ನಡುಕ... ಹಿಂದೊಮ್ಮೆ ಮಾಸ್ತರ ಗುದ್ದಿದ ಗುದ್ದಿಗೆ ಬಂಗಡೆ ಮೀನಿನ ಬುಟ್ಟಿಯ ಮೇಲೆ ಹೋಗಿ ಕೂತವನು ಅವನು.

"ಇದು ಬತ್ತದಾ ನನ್ನ ದೋಣಿಗೆ?"

"ಬತ್ತದೆ. ನಾನೂ ಬತ್ತೆ."

"ನೀ ಯಾವತ್ತು ದೋಣಿ ಹತ್ತಿದ್ಯೆ ಅಜ್ಜಿ?"

"ಇವತ್ತೇ."

ಮುಂದೆ ಕಣ್ಣು ಮುಚ್ಚಿಕೊಂಡ ಅಜ್ಜಿ, ನಡುವೆ ಗಡ್ಡ ಹಾರಿಸುತ್ತಾ ಮಾಸ್ತರ, ಹಿಂದೆ ಎಂಜಿನ್ ಬಳಿ ಬುಟ್ಟಿಯನ್ನೇ ಗುರಾಣಿ ಮಾಡಿಕೊಂಡ ಶನಿಯಾರ... ದಡದ ಮಕ್ಕಳಿಗೆ ತಮ್ಮ ಕಥೆಪುಸ್ತಕದ ಚಿತ್ರವೇ ಎದ್ದು ಹೊರಟಂತೆ ಕಂಡಿತು. ಬಿದ್ದು ಬಿದ್ದು ನಕ್ಕರು.

ಮೊದಲ ದೊಡ್ಡ ಅಲೆಗೆ ಮಾಸ್ತರನ ಗತ್ತು ಇಳಿಯಿತು. ಮುಂದಿನ ಅಲೆಗೆ ಅವನು ಅಜ್ಜಿಯ ಮಡಿಲಲ್ಲಿ ತಲೆ ಇಟ್ಟ. ಅಷ್ಟರೊಳಗೆ ಶನಿಯಾರನ ಲೈಫ್ ಜಾಕೆಟ್ಟಿನ ಪಟ್ಟಿ ಅರ್ಧ ತಿಂದು ಮುಗಿಸಿದ್ದ.

"ನೋಡು ಅಜ್ಜಿ, ನಾ ನೀರಿಗೆ ಬಿದ್ರೆ ಇನ್ನು ಇದ್ರ ಹೊಟ್ಟೆ ಹಿಡ್ಕಂಡೇ ತೇಲ್ಬೇಕು."

ಅಜ್ಜಿ ನಗಲಿಲ್ಲ. ದ್ವೀಪ ಹತ್ತಿರವಾದಷ್ಟೂ ಹಗ್ಗದ ಮೇಲಿನ ಅವಳ ಹಿಡಿತ ಬಿಗಿಯಾಗುತ್ತಿತ್ತು.

"ಶನಿಯಾರ... ನಾಳೆ ಬೆಳಗ್ಗೆ ಇದಕ್ಕೆ ಚಾ ಯಾರು ಕೊಡ್ತ್ರು?"

"ದೇವ್ರು ಕೊಡ್ತ. ನೀ ಚಾಪುಡಿ ಇಟ್ಟು ಬಾ."

ಅಜ್ಜಿ ಕಣ್ಣು ತೆರೆದು ದ್ವೀಪವನ್ನು ನೋಡಿದಳು...

"ಆ ಬೋಳುಗುಡ್ಡದ ಮೇಲೆ ಒಂದೇ ನಿಂತ್ಕಂಡು ನನ್ನ ದಾರಿ ಕಾಯ್ತದೆ ಇದು. ಬ್ಯಾಡ. ತಿರುಗ್ಸು ದೋಣಿ."

"ಹರಕೆ?"

"ತಿರುಗ್ಸು ಅಂದೆ."

ಶನಿಯಾರ ತಿರುಗಿಸಿದ. ಅಷ್ಟರಲ್ಲಿ ಮಂಜು ಕವಿಯಿತು... ಹಿಂದಿನ ದ್ವೀಪವೂ ಇಲ್ಲ, ಮುಂದಿನ ದಡವೂ ಇಲ್ಲ. ಎಲ್ಲ ಕಡೆ ಬರೀ ಬಿಳಿ.

ಅವನು ಎಂಜಿನ್ ಆರಿಸಿದ. ಹುಟ್ಟು ಕೈಗೆತ್ತಿಕೊಂಡು ಸುತ್ತ ನೋಡಿದ.

"ಯಾವ ಬದಿ ಎಂತ ಗೊತ್ತಾತಿಲ್ಲ ಅಜ್ಜಿ. ನೀರಡಿಗೆ ಪೂರಾ ಬಂಡೆ. ತಾಗಿದ್ರೆ ಮುಗೀತು."

ದೋಣಿ ತನ್ನಷ್ಟಕ್ಕೆ ಸರಿಯುತ್ತಿತ್ತು. ಎಲ್ಲೋ ಹತ್ತಿರದಲ್ಲೇ ಅಲೆ ಕಲ್ಲಿಗೆ ಬಡಿಯುವ ಸದ್ದು. ಅಜ್ಜಿ ಮಾಸ್ತರನ ಕುತ್ತಿಗೆ ತಬ್ಬಿಕೊಂಡಳು.

ಆಗ ಮಾಸ್ತರ ತಲೆ ಎತ್ತಿದ. ಕಿವಿ ನಿಮಿರಿತು. ಎದ್ದು ನಿಂತು ಕೂಗಿದ...

"ಮ್ಯಾ..."

ಏನಿಲ್ಲ. ಮತ್ತೊಮ್ಮೆ ಕೂಗಿದ.

ಮಂಜಿನೊಳಗಿಂದ, ಎಡಗಡೆಯಿಂದ, ಉತ್ತರ ಬಂತು... "ಮ್ಯಾ..."

ಶನಿಯಾರನಿಗೆ ಜೀವ ಬಂತು. "ದ್ವೀಪದ ಆಡು! ಎಂಜಿನ್ ಸದ್ದು ಕೇಳಿರೆ ಅವು ದೋಣಿ ಕಟ್ಟು ಜಾಗಕ್ಕೇ ಇಳೀತವೆ. ಅಲ್ಲಿ ಬಂಡೆ ಇಲ್ಲೆ. ಇದ್ರ ಬಾಯಿ ಮುಚ್ಚುಕೆ ಬಿಡ್ಬೇಡ ಅಜ್ಜಿ."

ಅವನು ಹುಟ್ಟು ಹಾಕಿದ. ಮಾಸ್ತರ ಕರೆಯುತ್ತಿದ್ದ, ಮಂಜು ಓಗೊಡುತ್ತಿತ್ತು... ಹೆದರಿದವನೊಬ್ಬ, ತನ್ನನ್ನು ಹೆದರಿಸುತ್ತಿದ್ದ ಆಡೇ ತೋರಿದ ದಿಕ್ಕಿಗೆ ದೋಣಿ ನಡೆಸಿದ.

ದೋಣಿಯ ಮೂತಿ ಮೆಲ್ಲಗೆ ಮರಳಿಗೆ ತಾಗಿತು.

ಮಂಜು ತೆಳುವಾಯಿತು. ಬೋಳುಗುಡ್ಡವಲ್ಲ ಅದು, ಮೈತುಂಬ ಹುಲ್ಲು. ಕಲ್ಲು ಕಲ್ಲಿನ ಮೇಲೂ ಆಡುಗಳು. ಮುದಿ ಗಡ್ಡದವು, ತಾಯಂದಿರು, ನೆಗೆಯುವ ಮರಿಗಳು. ಒಂದೆರಡರ ಕುತ್ತಿಗೆಯಲ್ಲಿ ಇನ್ನೂ ಹರಕೆಯ ಕೆಂಪು ದಾರ...

ಒಂದೊಂದು ದಾರವೂ ಯಾರದೋ ಮನೆಯಲ್ಲಿ ಯಾರೋ ಉಳಿದ ಗುರುತು.

ಅಜ್ಜಿಯ ಕಣ್ಣು ತುಂಬಿತು.

"ಇದಕ್ಕೂ ತನ್ನವ್ರು ಅಂತ ಇರ್ತ್ರು ಅಂತ ನಂಗೆ ಹೊಳೀಲೇ ಇಲ್ಲ ಶನಿಯಾರ. ಬಿಟ್ರೆ ಒಂಟಿ ಆತದೆ ಅಂತ ಹೆದ್ರಿದೆ... ಇಷ್ಟು ವರ್ಷ ಇದನ್ನ ಒಂಟಿ ಮಾಡಿದ್ದು ನಾನೇ."

ಶನಿಯಾರ ಮುಖ ಆಚೆ ತಿರುಗಿಸಿಕೊಂಡ. "ಮಂಜು ಕಣ್ಣಿಗೆ ಹೋತು" ಅಂದ.

ಅಜ್ಜಿ ತನ್ನ ಲೋಟಕ್ಕೆ ಚಾ ಬಗ್ಗಿಸಿ ಹಿಡಿದಳು. ಮಾಸ್ತರ ಅರ್ಧ ಕುಡಿದ. ಗುಡ್ಡದ ಮೇಲಿನಿಂದ ಅವನವರು ಯಾರೋ "ಮ್ಯಾ..." ಎಂದು ಕರೆದರು. ಅವನು ತಲೆ ಎತ್ತಿದ...

ಹುಟ್ಟಿದಂದಿನಿಂದ ಮೊದಲ ಸಲ, ಮಾಸ್ತರ ಚಾ ಉಳಿಸಿದ.

ಉಳಿದ ಅರ್ಧವನ್ನು ಅಜ್ಜಿ ಕುಡಿದಳು. ಲೋಟ ಕೆಳಗಿಟ್ಟು, ಹಗ್ಗ ಬಿಚ್ಚಿದಳು.

*

ಹಿಡಿದುಕೊಳ್ಳುವುದಷ್ಟೇ ಪ್ರೀತಿಯಲ್ಲ... ಅವರ ಲೋಕ ಅವರನ್ನು ಕರೆದಾಗ ಹಗ್ಗ ಬಿಚ್ಚುವುದೂ ಪ್ರೀತಿಯೇ.

ಒಂಟಿಯಾಗುತ್ತಾರೆ ಎಂಬ ಹೆದರಿಕೆಯಲ್ಲಿ, ನಾವು ಇನ್ನೂ ಯಾರ ಹಗ್ಗ ಹಿಡಿದು ಕೂತಿದ್ದೇವೆ?