ಒಂದೇ ಟಪಾಲಿನ ಇಬ್ಬರು ರೋಗಿಗಳು

“ರೋಗಿ ಅರವತ್ತೊಂದು ವರ್ಷದ ಗೃಹಸ್ಥರು. ಆರು ವಾರದಿಂದ ಬರೀ ತಿಳಿಗಂಜಿ. ವಾರಕ್ಕೊಮ್ಮೆ ತೋಳಿನಿಂದ ರಕ್ತ ತೆಗೆಯುತ್ತಿದ್ದೇನೆ. ಎಡಗಾಲಿನ ಹೆಬ್ಬೆರಳು ಊದಿದೆ. ದನಿ ಕ್ಷೀಣ. ಇಷ್ಟಾದರೂ ಶನಿವಾರ ಮನೆಯಿಂದ ಹೊರಗೆ ಹೋಗುತ್ತೇನೆಂದು ಹಟ. ಬಿಡಬಹುದೇ?” ಡಾಕ್ಟರ್ ಪರ್ವಿಸ್ ಎಡಿನ್‌ಬರೋದ ತಮ್ಮ ಗುರುಗಳಿಗೆ ಬರೆದ ಕಾಗದವನ್ನು ಓದಿ ಮುಗಿಸಿ, ಹಾಸಿಗೆಯಲ್ಲಿದ್ದ ಜಮೀನ್ದಾರ ಗಿಲ್ಬರ್ಟ್ ಟ್ರಾಟರ್ ಕಡೆ ನೋಡಿದರು.

“ಹೊರಗೆ ಅಂತ ಬರೆದ್ರೆ ಆಯ್ತೇನ್ರೀ? ಕಲ್ಲಾಟಕ್ಕೆ ಅಂತ ಬರೀರಿ,” ಎಂದರು ಟ್ರಾಟರ್, ನರಳುತ್ತಲೇ.

“ಎಡಿನ್‌ಬರೋದಲ್ಲಿ ನಗ್ತಾರೆ ಯಜಮಾನ್ರೇ. ಎದ್ದು ಕೂರಲಾರದ ಮನುಷ್ಯ ಮಂಜುಗಡ್ಡೆ ಮೇಲೆ ಕಲ್ಲು ತಳ್ತಾನಂತೆ ಅಂತ.”

“ನಿಮಗೇನು! ನೀವು ಬರ್ನ್‌ಫುಟ್ ಊರಿನ ಅಳಿಯಂದ್ರು. ನಾನು ಮಲಗಿದ್ರೆ ನಿಮ್ಮ ಮಾವನ ಮನೇಲಿ ಹಬ್ಬ.”

ಡಾಕ್ಟರ ಕಿವಿ ಕೆಂಪಾಯಿತು. ಪಾಪ, ಅವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಟ್ರಾಟರ್ ಸಂಕಟವೂ ಸುಳ್ಳಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕುರಿಮರಿಯಷ್ಟು ಭಾರದ ಕಲ್ಲನ್ನು ಜಾರಿಸಿ ಗುರಿ ಮುಟ್ಟಿಸುವ ಆಟದಲ್ಲಿ ನಮ್ಮ ಲಿಂಟ್‌ಹಿಲ್, ಬರ್ನ್‌ಫುಟ್ ಎದುರು ಒಂಬತ್ತು ಚಳಿಗಾಲ ಸತತವಾಗಿ ಮಣ್ಣುಮುಕ್ಕಿತ್ತು. ನಮ್ಮ ಕಡೆ ನೆಟ್ಟಗೆ ಕಲ್ಲು ಬಿಡಬಲ್ಲವರೆಂದರೆ ಟ್ರಾಟರ್ ಒಬ್ಬರೇ. ಅರವತ್ತೊಂದಾದವರಿಗೆ ಮುಂದಿನ ಚಳಿಗಾಲವನ್ನು ಯಾರು ಬರೆದುಕೊಟ್ಟಿದ್ದಾರೆ?

“ನಮ್ಮ ಗುರುಗಳು ಡಾಕ್ಟರ್ ಕ್ರಾನ್ಸ್ಟನ್ ಏನು ಬರೀತಾರೋ ಅದಕ್ಕೆ ನಾನೂ ಬದ್ಧ, ನೀವೂ ಬದ್ಧರು,” ಎಂದು ಡಾಕ್ಟರು ಟ್ರಾಟರ್ ಕೈಯಿಂದ ಆಣೆ ಹಾಕಿಸಿಕೊಂಡು, ಕಾಗದಕ್ಕೆ ಅರಗು ಒತ್ತಿ ಹೊರಟರು. ರೋಗಿಯ ಹೆಸರು ಮಾತ್ರ ಎಲ್ಲೂ ಬರೆದಿರಲಿಲ್ಲ. ದೊಡ್ಡ ಮನೆಯವರ ಕಾಯಿಲೆಯನ್ನು ಹೆಸರು ಹಾಕಿ ಟಪಾಲಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ದಾರಿಯಲ್ಲಿ ಯಾರು ಒಡೆದು ಓದುತ್ತಾರೋ! ವಯಸ್ಸು, ನಾಡಿ, ನಾಲಿಗೆಯ ಬಣ್ಣ ಬರೆದರೆ ಎಡಿನ್‌ಬರೋದವರು ಅಲ್ಲಿಂದಲೇ ಔಷಧ ಹೇಳುತ್ತಾರೆ.

ಡಾಕ್ಟರ ಕುದುರೆ ಗೇಟು ದಾಟಿದ್ದೇ ತಡ, ಟ್ರಾಟರ್ ಹಾಸಿಗೆಯಿಂದ ಜಿಗಿದು ಅಡುಗೆಮನೆಗೆ ನಡೆದರು. ಅಕ್ಕ ಗ್ರಿಜೆಲ್ ಹೊಗೆಯಾಡಿಸಿದ ಎರಡು ಮೀನು ಬಡಿಸಿದಳು.

“ಲೋ ಗಿಬ್ಬಿ, ಗುಂಡುಕಲ್ಲಿನ ಹಾಗಿದ್ದೀಯ. ಅದನ್ನ ಅವರಿಗೇ ಹೇಳೋಕೇನೋ ಧಾಡಿ?”

“ಹೇಳಿ ನೋಡಿದೆ ಅಕ್ಕ. ರಕ್ತ ಜಾಸ್ತಿಯಾಗಿದೆ ಅಂತ ಇನ್ನೊಂದು ಬಟ್ಟಲು ತೆಗೆದ್ರು. ನರಳಿದ್ರೆ ಅರ್ಧ ಬಟ್ಟಲಿಗೇ ಬಿಡ್ತಾರೆ. ನೀನು ಪೆನ್ನು ತಗೋ, ನಾನು ಹೇಳಿದ್ದು ಬರಿ.”

ಗ್ರಿಜೆಲ್ ಅದೇ ಡಾಕ್ಟರ್ ಕ್ರಾನ್ಸ್ಟನ್‌ಗೆ ಬರೆದಳು. ತನಗೆ ಬೇಕಾದವರೊಬ್ಬರಿದ್ದಾರೆ, ವಯಸ್ಸು ಅರವತ್ತೊಂದು, ಬೆಳಿಗ್ಗೆ ಎರಡು ಮೀನು, ಮಧ್ಯಾಹ್ನ ಕುರಿಮಾಂಸದ ಸಾರು, ದಿನಾ ಕೊಟ್ಟಿಗೆಯಲ್ಲಿ ಕಲ್ಲು ಜಾರಿಸುವ ಅಭ್ಯಾಸ, ಎಡ ಹೆಬ್ಬೆರಳು ಒಂದಿಷ್ಟು ಊದಿದೆ, ಶನಿವಾರ ಕಲ್ಲಾಟಕ್ಕೆ ಇಳಿಯಬಹುದೇ ಎಂದು. ಅವಳೂ ಹೆಸರು ಹಾಕಲಿಲ್ಲ. ಎರಡು ಕಾಗದವೂ ಒಂದೇ ಚೀಲದಲ್ಲಿ ಎಡಿನ್‌ಬರೋಗೆ ಹೋದವು.

ಶುಕ್ರವಾರ ಉತ್ತರ ಬಂತು. ಡಾಕ್ಟರು ಓಡೋಡಿ ಬಂದು ಹಾಸಿಗೆಯ ಪಕ್ಕದಲ್ಲೇ ಒಡೆದರು. ಟ್ರಾಟರ್ ನರಳುವುದನ್ನೂ ಮರೆತು ಕಿವಿಗೊಟ್ಟರು.

“ಪ್ರಿಯ ಪರ್ವಿಸ್, ನಿಮ್ಮ ರೋಗಿಯ ಸ್ಥಿತಿ ಓದಿ ವ್ಯಥೆಯಾಯಿತು. ಮನುಷ್ಯ ಬದುಕುವ ಹುರುಪನ್ನೇ ಕಳೆದುಕೊಂಡಂತಿದೆ. ಅದೇ ಟಪಾಲಿನಲ್ಲಿ ನಿಮ್ಮ ಸೀಮೆಯ ಹೆಣ್ಣುಮಗಳೊಬ್ಬರು ಇನ್ನೊಬ್ಬರ ವಿಷಯ ಬರೆದಿದ್ದಾರೆ. ಅವರಿಗೂ ಅರವತ್ತೊಂದೇ. ಊದಿದ್ದೂ ಎಡ ಹೆಬ್ಬೆರಳೇ. ಆದರೆ ಎಂಥ ಅಜಗಜಾಂತರ! ಆ ಪುಣ್ಯಾತ್ಮ ಶನಿವಾರ ಧಾರಾಳವಾಗಿ ಆಡಲಿ ಎಂದು ತಿಳಿಸಿದ್ದೇನೆ. ನಿಮ್ಮವರಿಗೆ ರಕ್ತ ತೆಗೆಯುವುದನ್ನು ನಿಲ್ಲಿಸಿ. ಕಂಬಳಿ ಹೊದಿಸಿ, ಕೆರೆಯ ದಡದಲ್ಲಿ ಕುರ್ಚಿ ಹಾಕಿ ಕೂರಿಸಿ. ಅರ್ಧ ಗಂಟೆ ಆ ಮನುಷ್ಯನ ಆಟ ನೋಡಲಿ. ಇದಕ್ಕಿಂತ ಒಳ್ಳೆಯ ಔಷಧ ನನ್ನ ಬಳಿ ಇಲ್ಲ.”

ಗ್ರಿಜೆಲ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

“ಯಾರಮ್ಮಾ ಆ ಇನ್ನೊಬ್ಬರು? ನನಗೆ ಗೊತ್ತಿಲ್ಲದ ಹೆಬ್ಬೆರಳು ಈ ಸೀಮೇಲಿ ಯಾವುದಿದೆ?” ಎಂದರು ಡಾಕ್ಟರು.

“ನಾಳೆ ಕೆರೆ ಹತ್ರ ಬನ್ನಿ, ಪರಿಚಯ ಮಾಡಿಸ್ತೀನಿ.”

ಶನಿವಾರ ಬೆಳಿಗ್ಗೆ ಔಷಧದ ಚೀಲ ಹಿಡಿದು ಡಾಕ್ಟರು ಕೆರೆಗೆ ಬಂದರು. ದಡದಲ್ಲಿ ಕುರ್ಚಿ ಇತ್ತು, ಮೇಲೆ ಮಡಿಸಿಟ್ಟ ಕಂಬಳಿ ಇತ್ತು, ರೋಗಿ ಇರಲಿಲ್ಲ. ಎರಡೂ ಊರಿನ ಆಟ ಸಮಸಮವಾಗಿ, ಕೊನೆಯ ಒಂದು ಕಲ್ಲು ಉಳಿದಿತ್ತು. ಮಂಜುಗಡ್ಡೆಯ ಮೇಲೆ ಮಂಡಿಯೂರಿ, ಕೆಂಪು ಮುಖ ಮಾಡಿಕೊಂಡು, ಅದನ್ನು ಹಿಡಿದಿದ್ದವರು ಟ್ರಾಟರ್.

“ಯಜಮಾನ್ರೇ! ಆಣೆ ಏನಾಯ್ತು? ನನ್ನ ರೋಗಿ ಕುರ್ಚೀಲಿರಬೇಕು ಅಂತಲ್ವಾ ಬರೆದಿದ್ದು?”

“ನಿಮ್ಮ ರೋಗಿ ಅಲ್ಲೇ ಎಲ್ಲೋ ಇರ್ತಾರೆ, ನೋಡಿಕೊಳ್ಳಿ ಡಾಕ್ಟ್ರೇ,” ಟ್ರಾಟರ್ ಗುರಿಯಿಂದ ಕಣ್ಣು ಕದಲಿಸಲಿಲ್ಲ. “ನಾನು ಎಡಿನ್‌ಬರೋದವರ ರೋಗಿ.”

ಜನ ಗೊಳ್ಳೆಂದು ನಕ್ಕರು. ಡಾಕ್ಟರಿಗೆ ಎಲ್ಲ ಅರ್ಥವಾಯಿತು; ಸಿಟ್ಟು ಬರಬೇಕಾಗಿತ್ತು. ಅಷ್ಟರಲ್ಲಿ ಕಲ್ಲು ಕೈಬಿಟ್ಟಿತು. ಪೊರಕೆ ಹಿಡಿದವರು ಅದರ ಮುಂದೆ ಮಂಜು ಗುಡಿಸುತ್ತಾ ಓಡಿದರು. ಕಲ್ಲು ಗುರ್ರೆನ್ನುತ್ತಾ ಬಂದು, ಬರ್ನ್‌ಫುಟ್‌ನವರ ಕಲ್ಲನ್ನು ಒದ್ದು ಹೊರಗೆ ಹಾಕಿ, ಗುರಿಯ ಮೇಲೆ ನಿಂತುಬಿಟ್ಟಿತು. ನಮ್ಮೂರಿನವರ ಕೂಗಿಗೆ ಕಾಗೆಗಳು ಹಾರಿಹೋದವು. ಗೆದ್ದ ಖುಷಿಗೆ ಇನ್ನೊಂದು ಸುತ್ತು ಆಡೋಣವೆಂದು ಟ್ರಾಟರ್ ಆಗಲೇ ಮತ್ತೊಂದು ಕಲ್ಲಿಗೆ ಕೈ ಹಾಕಿದ್ದರು.

ಗ್ರಿಜೆಲ್ ತಿರುಗಿ ನೋಡಿದರೆ ಡಾಕ್ಟರು ಕುರ್ಚಿಯಲ್ಲಿ ಕೂತು, ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡಿದ್ದರು.

“ಇದೇನ್ ಡಾಕ್ಟ್ರೇ, ಇಲ್ಲಿ ಕೂತ್ರಿ?”

“ಸ್ವಲ್ಪ ಪಕ್ಕಕ್ಕೆ ಸರೀರಿ ಅಮ್ಮಾ, ಕಾಣಿಸ್ತಿಲ್ಲ,” ಎಂದರು ಡಾಕ್ಟರು. “ಅರ್ಧ ಗಂಟೆ ಅಂತ ಬರೆದಿದಾರೆ.”