ಕಲ್ಲಿನ ಮೇಲಿನ ಮನೆಮಂದಿ

ಸನ್ಮಾನಕ್ಕೆ ಕರೆದೊಯ್ಯುವ ಕಾರು ಬಾಗಿಲಿಗೆ ಬಂದು ಎರಡೆರಡು ಸಲ ಹಾರ್ನ್ ಹೊಡೆದರೂ ಕರುಣಾ ಟೀಚರ್ ನೆಲ ಬಿಟ್ಟು ಏಳಲಿಲ್ಲ. ಅವರೆದುರು ಪ್ರೀತಿ, ಶಾಲೆಗೆ ಹೋಗೆನೆಂದು ಹಟ ಹಿಡಿದ ಏಳು ವರ್ಷದ ಪೋರಿ, ನೆಲಕ್ಕೆ ಹಾಸಿದ ಒರಟು ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ತನ್ನ ಮನೆಮಂದಿಯನ್ನು ಬರೆಯುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಟೀಚರ ಮಗಳು ಲುಂಬಿನಿಯ ಹೊಟ್ಟೆಗೆ ಕಿಚ್ಚು ಬಿತ್ತು. ನಲವತ್ತು ದಾಟಿದ ಹೆಂಗಸಿಗೆ ಈ ಪೋರಿಯ ಮೇಲೆ ಹೊಟ್ಟೆಕಿಚ್ಚೇ! ಥೂ, ನಾಚಿಕೆಯಾಗಬೇಕು ಅಂತ ತನ್ನನ್ನೇ ಬೈದುಕೊಂಡಳು. ನಾಚಿಕೆಯೇನೂ ಆಗಲಿಲ್ಲ.

"ಅವ್ವಾ, ಮಂದಿ ಕಾಯಲಿಕತ್ತಾರ. ಏಳು."

"ಕೂಸು ಬರೀಲಿಕತ್ತದ. ಮುಗೀಲಿ," ಎಂದರು ಟೀಚರ್, ತಲೆಯೆತ್ತದೆ.

ಒಂದು ಕಾಲಕ್ಕೆ ಶಹಾಬಾದ ಸೀಮೆಯಲ್ಲಿ ಮಾತಾಡದ ಮಗುವಿಗೂ, ಹಾಸಿಗೆ ಒದ್ದೆ ಮಾಡುವ ಮಗುವಿಗೂ ತಾಯತವೊಂದೇ ಮದ್ದು. ಮಕ್ಕಳಿಗೂ ಒಂದು ಮನಸ್ಸಿದೆ ಎಂದು ಇಲ್ಲಿ ಮೊದಲು ಹೇಳಿದವರು ಕರುಣಾ ಟೀಚರ್. ಅವರ ಔಷಧವೆಂದರೆ ಈ ಕಲ್ಲು, ಸೀಮೆಸುಣ್ಣ, ಒಂದು ತಂಬಿಗೆ ನೀರು. ಮಗು ಬರೆಯಬೇಕು, ಹೇಳಬೇಕೆನಿಸಿದ್ದನ್ನು ಹೇಳಬೇಕು, ಕೊನೆಗೆ ತಾನೇ ನೀರು ಸುರಿದು ಅಳಿಸಬೇಕು. ಬರೆಯದೆ ಬಿಟ್ಟವರ ಬಗ್ಗೆ ಮಾತ್ರ ಯಾರೂ ಕೇಳಕೂಡದು. ಈಗ ಚಿತ್ತಾಪುರ, ಸೇಡಂ ಕಡೆಯ ಟೀಚರುಗಳಿಗೂ ಇದೇ ಪಾಠ.

ಚಿಕ್ಕಂದಿನಲ್ಲಿ ಆ ಕಲ್ಲಿನ ಮುಂದೆ ಕೂರದಿದ್ದವಳು ಲುಂಬಿನಿಯೊಬ್ಬಳೇ. "ನಿನಗೇನಾಗ್ಯಾದ? ಛಲೋ ಇದ್ದಿ, ಆಡ್ಲಿಕ್ಕ ಹೋಗು," ಅಂತ ಅವ್ವ ಹೊರಗಟ್ಟುತ್ತಿದ್ದಳು. ಏನಾದರೂ ಆಗಲೇಬೇಕೆಂದು ಒಂದು ದಿನ ಲುಂಬಿನಿ ಬೇಕಂತಲೇ ಹಾಸಿಗೆ ಒದ್ದೆ ಮಾಡಿದ್ದಳು. ಅವ್ವ ಮಂದಿಯ ಮಕ್ಕಳನ್ನು ನೋಡಲು ಪಕ್ಕದ ವಾಡಿ ಪಟ್ಟಣಕ್ಕೆ ಹೋಗಿದ್ದಳು. ಅಜ್ಜಿ ಲಾಲಮ್ಮ ಬಂದು ತಾಯತ ಕಟ್ಟಿದಳು!

"ಸ್ಟೇಜಿನ ಮ್ಯಾಲ ನಿನ್ನ ಬಗ್ಗೆ ಎರಡು ಮಾತಾಡಂದಾರ," ಲುಂಬಿನಿಯ ದನಿ ಏರಿತು. "ಏನಂತ ಹೇಳಲಿ? ಮನಿಗಿ ಮಾರಿ, ಊರಿಗಿ ಉಪಕಾರಿ ಅಂತ ಹೇಳಲೇನು? ಏ ಪ್ರೀತಿ, ಕೊಡಿಲ್ಲಿ ಆ ಚಾಕ್. ಇವತ್ತ ನನ್ನ ಪಾಳಿ!"

ರೇಷ್ಮೆ ಸೀರೆ ಮುದುಡೀತೆಂದೂ ನೋಡದೆ ನೆಲಕ್ಕೆ ಕೂತು, ಕಲ್ಲಿನ ಖಾಲಿ ಮೂಲೆಯಲ್ಲಿ ಗೀಚತೊಡಗಿದಳು. ಟೋಪಿಯ ಅಪ್ಪ ನಾಮದೇವ, ಗೂನು ಬೆನ್ನಿನ ಅಜ್ಜಿ, ನಡುವೆ ಎರಡು ಜಡೆಯ ತಾನು. ಅಷ್ಟೇ. ಸೀಮೆಸುಣ್ಣ ಕೆಳಗಿಟ್ಟಳು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಚಿತ್ರದ ಆ ಕಡೆ ಹುಡುಕಿದರು, ಈ ಕಡೆ ಹುಡುಕಿದರು. ಸಾವಿರಾರು ಮಕ್ಕಳೆದುರು ಹಲ್ಲು ಕಚ್ಚಿ ತಡೆದಿದ್ದ ಪ್ರಶ್ನೆಯನ್ನು ಇವತ್ತು ತಡೆಯಲಾಗಲಿಲ್ಲ.

"ಲುಂಬೀ... ಇದರಾಗ ನಾ ಎಲ್ಲಿದ್ದೀನಿ?"

ಲುಂಬಿನಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಪ್ರೀತಿ ಎದ್ದು ಬಂದು, ಸುಣ್ಣ ಮೆತ್ತಿದ ಕೈಯನ್ನು ಟೀಚರ ಬಾಯಿಗೆ ಅಡ್ಡ ಹಿಡಿದಳು.

"ಹಂಗ ಕೇಳಬಾರದ್ರಿ ಟೀಚರ್. ಕೂಸು ಅಳ್ತದ."